ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಮೀಡಿಯಂ ಫಾರ್ಮ್ಯಾಟ್ ಲೆನ್ಸ್: ಮಮಿಯಾ 645 ಲೆನ್ಸ್‌ಗಳಿಂದ ನಿಜವಾದ ಪ್ರಯೋಜನವೇನು?

ಕಡಲತಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನವರು ತಮ್ಮ ಸ್ಟುಡಿಯೊವನ್ನು ಮುಚ್ಚಿದಾಗ ಅಲ್ಲಿದ್ದ ಮಮಿಯಾ ಎಂ645 1000ಎಸ್ ಕ್ಯಾಮೆರಾವನ್ನೂ ಅದರ ಮೂರು ಲೆನ್ಸ್‌ಗಳನ್ನೂ ನನಗೆ ಕೊಟ್ಟರು. 55 ಮಿ.ಮೀ. ಎಫ್/2.8, 80 ಮಿ.ಮೀ. ಎಫ್/2.8 ಮತ್ತು 150 ಮಿ.ಮೀ. ಎಫ್/3.5 ಇವೆ. ಫಿಲ್ಮ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವ ವೆಚ್ಚ ನನಗೆ ಸದ್ಯಕ್ಕೆ ನಿಭಾಯಿಸಲಾಗದು. ನನ್ನ ಬಳಿ ನಿಕಾನ್ ಝಡ್6 II ಎಂಬ ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಡಿಜಿಟಲ್ ಕ್ಯಾಮೆರಾ ಇದೆ. ಅಡಾಪ್ಟರ್ ಕೊಂಡು ಈ ಲೆನ್ಸ್‌ಗಳನ್ನು ಅದಕ್ಕೆ ಜೋಡಿಸಿದರೆ ಮೀಡಿಯಂ ಫಾರ್ಮ್ಯಾಟ್ (ಅದಕ್ಕಿಂತ ದೊಡ್ಡ ಅಳತೆಯ ಫಿಲ್ಮಿನ) ಚಿತ್ರಗಳಲ್ಲಿ ಕಾಣುವ ಆ ಆಳ, ಆ ಮೃದುವಾದ ಹಿನ್ನೆಲೆ ನನಗೂ ಸಿಗುತ್ತದೆಯೇ? ನಾನು ಹೆಚ್ಚಾಗಿ ತೆಗೆಯುವುದು ಭಾವಚಿತ್ರ ಮತ್ತು ದೇವಾಲಯಗಳ ವಾಸ್ತು. ಬಳಸುವುದು ಸರಿಯೋ, ಮಾರಿ ಆ ಹಣದಲ್ಲಿ ಒಂದು ಒಳ್ಳೆಯ ಝಡ್ ಲೆನ್ಸ್ ಕೊಳ್ಳುವುದು ಸರಿಯೋ, ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಿಂಬವೃತ್ತ

ಮಾರುವ ಮಾತನ್ನು ಸ್ವಲ್ಪ ದಿನ ಬದಿಗಿಡಿ. ಆದರೆ ನೀವು ಯಾವ ಕಾರಣಕ್ಕೆ ಇವನ್ನು ಬಳಸಬೇಕೆಂದಿದ್ದೀರೋ ಆ ಕಾರಣ ಮಾತ್ರ ನಿಲ್ಲುವುದಿಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು.

ಫೋಕಲ್ ಲೆಂತ್, ಅಂದರೆ ಮಿ.ಮೀ.ನಲ್ಲಿ ಹೇಳುವ ಆ ಅಳತೆ, ಲೆನ್ಸಿನ ಸ್ವಂತ ಗುಣ. ಹಿಂದೆ ಯಾವ ಕ್ಯಾಮೆರಾ ಇದ್ದರೂ 80 ಮಿ.ಮೀ. ಎಂಬುದು 80 ಮಿ.ಮೀ. ಆಗಿಯೇ ಉಳಿಯುತ್ತದೆ. 645 ಎಂದು ಕರೆಯುವ ಚೌಕಟ್ಟಿನ ನಿಜವಾದ ಅಳತೆ 56×41.5 ಮಿ.ಮೀ., ಅದರ ಕರ್ಣ ಸುಮಾರು 70 ಮಿ.ಮೀ. ನಿಮ್ಮ ಸೆನ್ಸರ್ 36×24 ಮಿ.ಮೀ., ಕರ್ಣ 43.3 ಮಿ.ಮೀ. ಲೆನ್ಸ್ 70 ಮಿ.ಮೀ. ವ್ಯಾಸದ ಬಿಂಬವೃತ್ತವನ್ನು ಹರಡುತ್ತದೆ. ನೀವು ಅದರ ನಡುವಿನ ಭಾಗವನ್ನು ಮಾತ್ರ ಕತ್ತರಿಸಿ ತೆಗೆದುಕೊಳ್ಳುತ್ತೀರಿ. ಹಾಗಾಗಿ ಮಮಿಯಾದ ಮೇಲೆ ಸಹಜ ನೋಟ ಕೊಡುತ್ತಿದ್ದ 80 ಮಿ.ಮೀ. ಲೆನ್ಸ್ ನಿಮ್ಮ ಝಡ್6 II ಮೇಲೆ ಚಿಕ್ಕ ಟೆಲಿಫೋಟೊ ಆಗುತ್ತದೆ. ಬೇರಾವುದೇ 80 ಮಿ.ಮೀ. ಎಫ್/2.8 ಲೆನ್ಸ್ ಅದೇ ದೂರದಿಂದ ಎಷ್ಟು ನೋಟ, ಎಷ್ಟು ಡೆಪ್ತ್ ಆಫ್ ಫೀಲ್ಡ್ (ಸ್ಫುಟವಾಗಿ ಕಾಣುವ ಆಳ) ಕೊಡುತ್ತದೆಯೋ ಇದೂ ಅಷ್ಟನ್ನೇ ಕೊಡುತ್ತದೆ.

ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ ನೋಡಿ. ಎರಡು ಕರ್ಣಗಳ ಅನುಪಾತ ಸುಮಾರು 0.62. ಮಮಿಯಾದಲ್ಲಿ 80 ಮಿ.ಮೀ. ಎಫ್/2.8 ಕೊಡುತ್ತಿದ್ದ ನೋಟವನ್ನೂ ಹಿನ್ನೆಲೆಯ ಮಸುಕನ್ನೂ ಫುಲ್ ಫ್ರೇಮ್‌ನಲ್ಲಿ ಪಡೆಯಲು ಬೇಕಾದದ್ದು ಸುಮಾರು 50 ಮಿ.ಮೀ. ಎಫ್/1.75 (ಎಫ್ ನಂತರದ ಸಂಖ್ಯೆ ಚಿಕ್ಕದಾದಷ್ಟು ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ದೊಡ್ಡದು). ಅಂದರೆ ಪೇಟೆಯಲ್ಲಿ ಸುಲಭವಾಗಿ ಸಿಗುವ ಸಾಧಾರಣ 50 ಮಿ.ಮೀ. ಎಫ್/1.8 ಲೆನ್ಸ್ ನಿಮ್ಮನ್ನು ಆ ನೋಟದ ಬಾಗಿಲಿಗೇ ತಲುಪಿಸುತ್ತದೆ. ಮಮಿಯಾದ ಹೆಸರಾಂತ 80 ಮಿ.ಮೀ. ಎಫ್/1.9 ಇದ್ದಿದ್ದರೂ ಅದರ ಸಮಾನ 50 ಮಿ.ಮೀ. ಎಫ್/1.2ರ ಆಸುಪಾಸು. ಪೆಂಟಾಕ್ಸ್ 67ರ 105 ಮಿ.ಮೀ. ಎಫ್/2.4 ಅನ್ನು ಜನ ಅಷ್ಟು ಮೆಚ್ಚುವುದು ಅದರ ಹಿಂದೆ 6×7 ಸೆಂ.ಮೀ. ಎಂದು ಕರೆಯುವ ದೊಡ್ಡ ಫಿಲ್ಮ್ ಚೌಕಟ್ಟು ಇದ್ದದ್ದರಿಂದ. ಫಿಲ್ಮ್ ಹೋಗಿ ಅಲ್ಲಿಗೆ ಚಿಕ್ಕ ಸೆನ್ಸರ್ ಬಂದರೆ ಅದು ಒಂದು ಒಳ್ಳೆಯ 105 ಮಿ.ಮೀ. ಲೆನ್ಸ್ ಆಗಿ ಉಳಿಯುತ್ತದೆಯೇ ಹೊರತು 6×7 ಆಗುವುದಿಲ್ಲ.

ಸ್ಫುಟತೆಯ ವಿಷಯದಲ್ಲೂ ಒಂದು ಮಾತು. ದೊಡ್ಡ ನೆಗೆಟಿವ್ ಅನ್ನು ಅದೇ ಅಳತೆಯ ಮುದ್ರಣಕ್ಕೆ ಕಡಿಮೆ ಹಿಗ್ಗಿಸಿದರೆ ಸಾಕಾಗುತ್ತಿತ್ತು. ಆದ್ದರಿಂದ ಆ ಲೆನ್ಸ್‌ಗಳನ್ನು ರೂಪಿಸಿದವರು ಪ್ರತಿ ಮಿಲಿಮೀಟರಿಗೆ ಅತಿ ಸೂಕ್ಷ್ಮ ವಿವರ ಕೊಡುವುದಕ್ಕಿಂತ ದೊಡ್ಡ ವೃತ್ತದ ಉದ್ದಗಲಕ್ಕೂ ಸಮನಾದ ಗುಣಮಟ್ಟ ಕೊಡುವುದಕ್ಕೆ ಶ್ರಮಿಸಿದರು. ನಿಮ್ಮ 24 ಮೆಗಾಪಿಕ್ಸೆಲ್ ಸೆನ್ಸರಿನ ಪಿಕ್ಸೆಲ್ ಸುಮಾರು 6 ಮೈಕ್ರಾನ್ ಅಗಲವಿದೆ. ಅದಕ್ಕೆ ಈ ಲೆನ್ಸ್‌ಗಳು ಎಫ್/5.6, ಎಫ್/8ರಲ್ಲಿ ಧಾರಾಳವಾಗಿ ಸಾಕು. 61 ಮೆಗಾಪಿಕ್ಸೆಲ್ ಕ್ಯಾಮೆರಾದ 3.76 ಮೈಕ್ರಾನ್ ಪಿಕ್ಸೆಲ್ ಎದುರು ಅವುಗಳ ಮಿತಿ, ಅದರಲ್ಲೂ ಪೂರ್ತಿ ತೆರೆದ ಅಪರ್ಚರಿನಲ್ಲಿ ಅಂಚುಗಳ ನೇರಳೆ-ಹಸಿರು ಬಣ್ಣದ ಗೆರೆ, ಕಣ್ಣಿಗೆ ಬೀಳುತ್ತದೆ.

ಹಳೆಯ_ನೆಗೆಟಿವ್

ಬಿಂಬವೃತ್ತ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಮುಗಿದಲ್ಲಿಗೆ ಲೆನ್ಸಿನ ಗುಣವೂ ಮುಗಿಯುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಮುಖದ ಮೇಲೆ ಬೆಳಕಿನಿಂದ ನೆರಳಿಗೆ ಇಳಿಯುವ ರೀತಿ, ಫೋಕಸ್‌ನಿಂದ ಆಚೆಗೆ ವಿವರ ಕರಗುವ ರೀತಿ, ಹಳೆಯ ಲೇಪನದಿಂದ ಬರುವ ತುಸು ಇಳಿದ ಕಾಂಟ್ರಾಸ್ಟ್, ಇವೆಲ್ಲ ಲೆನ್ಸಿನ ವಿನ್ಯಾಸದಿಂದ ಬರುವ ಗುಣಗಳು. ಸೆನ್ಸರ್ ಚಿಕ್ಕದಾಯಿತೆಂದು ಅವು ಎಲ್ಲಿಗೂ ಹೋಗುವುದಿಲ್ಲ. ನಾನು 150 ಮಿ.ಮೀ. ಎಫ್/3.5 ಅನ್ನು ಫುಲ್ ಫ್ರೇಮ್‌ನಲ್ಲಿ ಭಾವಚಿತ್ರಕ್ಕೆ ಬಳಸುತ್ತೇನೆ. ವಯಸ್ಸಾದವರ ಚರ್ಮವನ್ನು ಇಂದಿನ ಲೆನ್ಸ್‌ಗಳು ಒಂದೊಂದು ರಂಧ್ರವೂ ಎದ್ದು ಕಾಣುವಂತೆ ತೋರಿಸುತ್ತವೆ. 150 ಅದೇ ಚರ್ಮದ ವಿವರವನ್ನು ಉಳಿಸಿಕೊಂಡೂ ಅಷ್ಟು ಕಠೋರವಾಗಿ ತೋರಿಸುವುದಿಲ್ಲ. ಇದನ್ನು ಎಡಿಟಿಂಗ್‌ನಲ್ಲಿ ತರಬಹುದು ಎನ್ನುವವರಿದ್ದಾರೆ. ನನಗೆ ಲೆನ್ಸಿನಿಂದಲೇ ಬಂದದ್ದು ಹೆಚ್ಚು ಹಿಡಿಸುತ್ತದೆ.

ಫೋಕಸ್ ರಿಂಗಿನ ವಿಷಯವನ್ನೂ ಹೇಳಬೇಕು. ಲೋಹದ ಹೆಲಿಕಾಯ್ಡ್ (ತಿರುಪು) ಮೇಲೆ ನಿಧಾನವಾಗಿ, ಬಹಳ ದೂರ ತಿರುಗುವ ಆ ರಿಂಗ್‌ನಲ್ಲಿ ಕಣ್ಣಿನ ರೆಪ್ಪೆಗೂ ಕಣ್ಣುಗುಡ್ಡೆಗೂ ಇರುವ ಅಂತರವನ್ನು ಬೆರಳಿನಲ್ಲೇ ಹಿಡಿಯಬಹುದು. ಮೋಟಾರಿಗೆ ಸಂಕೇತ ಕಳಿಸುವ ಇಂದಿನ ರಿಂಗುಗಳಲ್ಲಿ ಈ ನೆಮ್ಮದಿ ಇಲ್ಲ.

ಬಿಂಬವೃತ್ತ

ಲೆನ್ಸಿಗೆ ತನ್ನದೇ ಆದ ಗುಣ ಇದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ಗುಣದ ಬಹುಪಾಲು, ಅಂದರೆ ಸುರುಳಿಯಾಗುವ ಹಿನ್ನೆಲೆ, ಬಾಗಿದ ಫೋಕಸ್ ತಲ, ಮೂಲೆಯ ಮಬ್ಬು, ವೃತ್ತದ ಹೊರ ಭಾಗದಲ್ಲಿ ಇರುತ್ತದೆ. ಫುಲ್ ಫ್ರೇಮ್ ಅದನ್ನೇ ಕತ್ತರಿಸಿ ಎಸೆಯುತ್ತದೆ. ಉಳಿಯುವುದು ಅತ್ಯಂತ ಸಭ್ಯವಾದ ನಡುಭಾಗ. 150ರ ಬಗ್ಗೆ ನೀವು ಹೇಳಿದ್ದು ನಿಜ. ಭಾವಚಿತ್ರಕ್ಕೆ ಆ ಸಭ್ಯತೆ ಒಳ್ಳೆಯದೇ. ಆದರೆ ಅದನ್ನು "ಮೀಡಿಯಂ ಫಾರ್ಮ್ಯಾಟ್ ನೋಟ" ಎಂದು ಹೊಸಬರಿಗೆ ಹೇಳಿದರೆ ಅವರು ನಿರಾಶೆಗೊಳ್ಳುತ್ತಾರೆ ಎಂಬುದಷ್ಟೇ ನನ್ನ ಕಳಕಳಿ.

ಕಲ್ಲು_ಬೆಳಕು

ಪ್ರಶ್ನೆ ಕೇಳಿದವರು ದೇವಾಲಯಗಳ ವಾಸ್ತು ತೆಗೆಯುವುದಾಗಿ ಬರೆದಿದ್ದಾರೆ. ಇಲ್ಲಿಯವರೆಗೆ ಯಾರೂ ಆ ಕಡೆ ಗಮನ ಕೊಟ್ಟಂತಿಲ್ಲ. ಈ ಲೆನ್ಸ್‌ಗಳ ನಿಜವಾದ ಬೆಲೆ ಇರುವುದು ಅಲ್ಲೇ. ಫುಲ್ ಫ್ರೇಮ್ ಬಳಸದೆ ಬಿಡುವ ಬಿಂಬವೃತ್ತವನ್ನು ನಷ್ಟವೆಂದು ನೋಡಬೇಡಿ. ಲೆನ್ಸನ್ನು ಮೇಲಕ್ಕೋ ಪಕ್ಕಕ್ಕೋ ಜಾರಿಸಲು ಬಿಡುವ ಶಿಫ್ಟ್ ಅಡಾಪ್ಟರ್ ಕೊಂಡರೆ ಅದೇ ನಿಮ್ಮ ಬಂಡವಾಳವಾಗುತ್ತದೆ.

ಮಮಿಯಾ 645ರಲ್ಲಿ ಲೆನ್ಸಿನ ಮೌಂಟಿನಿಂದ ಫಿಲ್ಮ್‌ವರೆಗಿನ ದೂರ 63.3 ಮಿ.ಮೀ. ನಿಕಾನ್ ಝಡ್‌ನಲ್ಲಿ ಅದು 16 ಮಿ.ಮೀ. ನಡುವೆ 47.3 ಮಿ.ಮೀ. ಜಾಗ ಉಳಿಯುತ್ತದೆ. ಸಾದಾ ಅಡಾಪ್ಟರ್ ಎಂದರೆ ಅಷ್ಟು ಉದ್ದದ ಖಾಲಿ ಕೊಳವೆ, ಅದರಲ್ಲಿ ಗಾಜು ಇರುವುದಿಲ್ಲ. ಆ ಜಾಗದಲ್ಲಿ ಜಾರುವ ತಟ್ಟೆಯನ್ನೂ ಓರೆಯಾಗುವ ಕೀಲನ್ನೂ ಕೂರಿಸಿದರೆ ಅದು ಟಿಲ್ಟ್-ಶಿಫ್ಟ್ ಅಡಾಪ್ಟರ್. ಕಿಪಾನ್, ಫೋಟೋಡಿಯಾಕ್ಸ್ ಇಂಥವನ್ನು ತಯಾರಿಸುತ್ತವೆ. ಕ್ಯಾನನ್ ಇಎಫ್ ಮೌಂಟಿಗೆ ಜರ್ಮನಿಯ ಮಿರೆಕ್ಸ್ ಮಾಡುವ ಅಡಾಪ್ಟರ್ 15 ಮಿ.ಮೀ. ಶಿಫ್ಟ್ ಮತ್ತು 10 ಡಿಗ್ರಿ ಟಿಲ್ಟ್ ಕೊಡುತ್ತದೆ.

15 ಮಿ.ಮೀ. ಎಂಬುದು ಎಷ್ಟು ದೊಡ್ಡದು ಎಂಬುದನ್ನು ನಿಮ್ಮ 55 ಮಿ.ಮೀ. ಲೆನ್ಸಿನಿಂದಲೇ ನೋಡೋಣ. ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಮೇಲಕ್ಕೆ ಓರೆ ಮಾಡದೆ, ಗೋಪುರದಿಂದ 20 ಮೀಟರ್ ದೂರದಲ್ಲಿ ನಿಂತರೆ ಸಾದಾ ಅಡಾಪ್ಟರಿನಲ್ಲಿ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಸುಮಾರು 6.5 ಮೀಟರ್ ಎತ್ತರದವರೆಗೆ ಚೌಕಟ್ಟಿನಲ್ಲಿ ಬರುತ್ತದೆ. ಲೆನ್ಸನ್ನು 15 ಮಿ.ಮೀ. ಮೇಲಕ್ಕೆ ಜಾರಿಸಿದರೆ ಅದು 12 ಮೀಟರಿಗೆ ಏರುತ್ತದೆ. ಸೆನ್ಸರ್ ನೆಲಕ್ಕೆ ಲಂಬವಾಗಿಯೇ ಇರುವುದರಿಂದ ಕಂಬಗಳು ಹಿಂದಕ್ಕೆ ಬೀಳುತ್ತಿರುವಂತೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಗೆರೆ ನೆಟ್ಟಗೆ ಮಾಡಿದರೆ ಚಿತ್ರದ ಮೇಲ್ಭಾಗವನ್ನು ಎಳೆದು ಹಿಗ್ಗಿಸಬೇಕಾಗುತ್ತದೆ. ಕೆತ್ತನೆಯ ವಿವರ ಹೆಚ್ಚು ಇರುವ ಶಿಖರದಲ್ಲೇ ಪಿಕ್ಸೆಲ್ ಕಡಿಮೆಯಾಗುತ್ತದೆ. ಶಿಫ್ಟ್‌ನಲ್ಲಿ ಆ ನಷ್ಟ ಇಲ್ಲ. ಇಲ್ಲಿ ಒಂದು ಎಚ್ಚರ ಬೇಕು: ನಿಲುವು ಚೌಕಟ್ಟಿನಲ್ಲಿ 15 ಮಿ.ಮೀ. ಜಾರಿಸಿದಾಗ ಮೇಲಿನ ಮೂಲೆಗಳು ಲೆನ್ಸಿನ ಕೇಂದ್ರದಿಂದ 35 ಮಿ.ಮೀ. ದೂರ ಹೋಗುತ್ತವೆ, ಅಂದರೆ ಬಿಂಬವೃತ್ತದ ಅಂಚಿಗೇ ಬರುತ್ತವೆ. ಅಲ್ಲಿ ಎಫ್/11 ಬೇಕು.

ಲೆನ್ಸ್ ಉದ್ದವಾದಂತೆ ಶಿಫ್ಟ್‌ನ ಉಪಯೋಗ ಇಳಿಯುತ್ತದೆ. 150 ಮಿ.ಮೀ. ಲೆನ್ಸಿನಲ್ಲಿ 6 ಮೀಟರ್ ದೂರದ ಶಿಲ್ಪಕ್ಕೆ 15 ಮಿ.ಮೀ. ಶಿಫ್ಟ್ ಕೊಡುವ ಎತ್ತರ ಬರೀ 60 ಸೆಂ.ಮೀ. ಬೇಲೂರಿನ ಮದನಿಕೆಯರನ್ನು ತೆಗೆಯುವಾಗ ಇದರಿಂದ ತೊಂದರೆಯೂ ಇಲ್ಲ, ಏಕೆಂದರೆ ಸೂರಿನಡಿಯ ಆ ಶಿಲ್ಪಗಳನ್ನು ಮುಂದಕ್ಕೆ ಬಾಗಿಸಿಯೇ ನಿಲ್ಲಿಸಿದ್ದಾರೆ. ಕೆಳಗೆ ನಿಂತು ಕ್ಯಾಮೆರಾವನ್ನು ಓರೆಯಾಗಿ ಮೇಲಕ್ಕೆತ್ತಿದಾಗಲೇ ಸೆನ್ಸರ್ ಶಿಲ್ಪಕ್ಕೆ ಹೆಚ್ಚು ಸಮಾನಾಂತರವಾಗುತ್ತದೆ. ಅಲ್ಲಿ ಶಿಫ್ಟ್ ಬಳಸಿ ಸೆನ್ಸರನ್ನು ಲಂಬವಾಗಿಟ್ಟರೆ ಆಕೃತಿಯ ಪ್ರಮಾಣ ಕೆಡುತ್ತದೆ. ನೋಡುವವನ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಲೆಕ್ಕ ಹಾಕಿ ಕೆತ್ತಿದ ಶಿಲ್ಪಿಗೆ ವಿರುದ್ಧವಾಗಿ ಕ್ಯಾಮೆರಾ ಇಡುವುದು ಸರಿಯಲ್ಲ.

ಟಿಲ್ಟ್‌ಗೆ ಒಳ್ಳೆಯ ಉದಾಹರಣೆ ಹಳೇಬೀಡಿನ ಜಗತಿಯ ಮೇಲಿನ ಪಟ್ಟಿಕೆಗಳು. ಕೆಳಗಿನ ಸಾಲಿನಲ್ಲಿ ಆನೆಗಳು ಗೋಡೆಯ ಮೂಲೆ ಮೂಲೆಗೂ ತಿರುಗುತ್ತ ಸಾಗುತ್ತವೆ. ಅದನ್ನು ಎದುರಿನಿಂದ ತೆಗೆದರೆ ಒಂದು ತುಂಡು ಮಾತ್ರ ಸಿಗುತ್ತದೆ. ಗೋಡೆಯ ಉದ್ದಕ್ಕೆ ನೋಡುತ್ತ ತೆಗೆದರೆ ಆ ಸಾಲಿನ ನಡಿಗೆ ಸಿಗುತ್ತದೆ, ಆದರೆ ಹತ್ತಿರದ ಆನೆಗೂ ದೂರದ ಆನೆಗೂ ಒಟ್ಟಿಗೆ ಫೋಕಸ್ ಸಿಗುವುದಿಲ್ಲ. ಲೆನ್ಸನ್ನು ಗೋಡೆಯ ಕಡೆಗೆ ಓರೆ ಮಾಡಿದರೆ ಫೋಕಸ್ ತಲವೇ ಗೋಡೆಯ ಮೇಲೆ ಮಲಗುತ್ತದೆ. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿ ನೋಡುತ್ತಿದ್ದು, ಗೋಡೆ ಲೆನ್ಸಿನಿಂದ 1 ಮೀಟರ್ ಪಕ್ಕದಲ್ಲಿದ್ದರೆ 80 ಮಿ.ಮೀ. ಲೆನ್ಸಿಗೆ ಬೇಕಾದ ಓರೆ ಸುಮಾರು 4.6 ಡಿಗ್ರಿ. ಎಫ್/8ರಲ್ಲೇ ಇಡೀ ಸಾಲು ಸ್ಫುಟವಾಗಿ ಬರುತ್ತದೆ. ಉಬ್ಬುಶಿಲ್ಪದ ಆಳಕ್ಕೆ ಬೇಕಿದ್ದರೆ ಇನ್ನೊಂದು ಸ್ಟಾಪ್ (ಅಪರ್ಚರಿನ ಒಂದು ಹಂತ) ಇಳಿಸಿ.

ಈ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಪೂರ್ವಾನುಮತಿ ಬೇಕು ಎಂಬುದು ನೆನಪಿರಲಿ. ಕೈಯಲ್ಲೇ ಹಿಡಿದು ಶಿಫ್ಟ್ ಮಾಡಲೂ ಬರುತ್ತದೆ, ಆದರೆ ವ್ಯೂಫೈಂಡರಿನ ಮಟ್ಟಸೂಚಕವನ್ನು ತೆರೆದಿಟ್ಟುಕೊಂಡೇ ತೆಗೆಯಬೇಕು.

ಕಡಲತಡಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಶಿಫ್ಟ್ ಅಡಾಪ್ಟರ್ ಬರುವವರೆಗೆ ಸಾದಾ ಅಡಾಪ್ಟರ್ ಹಾಕಿ ಪ್ರಯತ್ನಿಸುತ್ತಿದ್ದೇನೆ. ಎರಡು ಸಮಸ್ಯೆಗಳು ಎದುರಾಗಿವೆ. ಅಪರ್ಚರ್ ರಿಂಗನ್ನು ಎಫ್/8ಕ್ಕೆ ತಿರುಗಿಸಿದರೂ ಒಳಗಿನ ಎಲೆಗಳು ಮುಚ್ಚಿಕೊಳ್ಳುತ್ತಿಲ್ಲ. ಎರಡನೆಯದಾಗಿ, 150 ಮಿ.ಮೀ. ಲೆನ್ಸಿನಲ್ಲಿ ಆಕಾಶ ಹಿನ್ನೆಲೆಯಾಗಿದ್ದರೆ ಇಡೀ ಚಿತ್ರದ ಮೇಲೆ ತೆಳುವಾದ ಬಿಳಿ ಪರದೆ ಬಿದ್ದಂತೆ ಕಾಣುತ್ತದೆ. ಗಾಜಿನಲ್ಲಿ ಫಂಗಸ್ ಏನೂ ಕಾಣುತ್ತಿಲ್ಲ. ಲೆನ್ಸ್ ಕೆಟ್ಟಿದೆಯೇ?

ರಿಪೇರಿ_ಮೇಜು

ಮೊದಲನೆಯದು ಸುಲಭ. ಲೆನ್ಸಿನ ಬದಿಯಲ್ಲಿ ಎ ಮತ್ತು ಎಂ ಎಂದು ಗುರುತಿರುವ ಚಿಕ್ಕ ಸನ್ನೆ ಇರುತ್ತದೆ. ಎ ಕಡೆ ಇದ್ದರೆ ಎಲೆಗಳು ಮಮಿಯಾದ ಬಾಡಿ ಹೇಳುವವರೆಗೆ ತೆರೆದೇ ಇರುತ್ತವೆ, ಅಡಾಪ್ಟರ್ ಹೇಳುವುದಿಲ್ಲ. ಎಂ ಕಡೆಗೆ ತಳ್ಳಿ, ಆಗ ರಿಂಗ್ ತಿರುಗಿಸಿದಂತೆ ಎಲೆಗಳೂ ಮುಚ್ಚಿಕೊಳ್ಳುತ್ತವೆ. ಎಂ ಕಡೆ ಇದ್ದರೂ ಎಲೆಗಳು ನಿಧಾನವಾಗಿ ಚಲಿಸಿದರೆ ಅಥವಾ ಅವುಗಳ ಮೇಲೆ ಎಣ್ಣೆಯ ಹೊಳಪು ಕಂಡರೆ ಮಾತ್ರ ಲೆನ್ಸ್ ಬಿಚ್ಚಿ ಶುಚಿ ಮಾಡಿಸಬೇಕು.

ಎರಡನೆಯದು ಲೆನ್ಸಿನ ದೋಷವಲ್ಲ, ಅಡಾಪ್ಟರಿನದು. ಲೆನ್ಸ್ ಹರಡುವ ವೃತ್ತದಲ್ಲಿ ನಿಮ್ಮ ಸೆನ್ಸರ್ ಹಿಡಿಯುವುದು ಕಾಲು ಭಾಗಕ್ಕಿಂತ ಕಡಿಮೆ. ಉಳಿದ ಬೆಳಕೆಲ್ಲ ಅಡಾಪ್ಟರಿನ ಒಳಗೋಡೆಗೆ, ಸೆನ್ಸರ್ ಸುತ್ತಲಿನ ಚೌಕಟ್ಟಿಗೆ ಬಡಿದು ಚದುರುತ್ತದೆ. ಕ್ಯಾಮೆರಾದಿಂದ ಅಡಾಪ್ಟರನ್ನು ಬಿಡಿಸಿ, ಲೆನ್ಸ್ ಸಮೇತ ಕಿಟಕಿಯ ಕಡೆ ಹಿಡಿದು, ಹಿಂಬದಿಯಿಂದ ತುಸು ಓರೆಯಾಗಿ ನೋಡಿ. ಕಪ್ಪು ಬಣ್ಣ ಬಳಿದಿದ್ದರೂ ಒಳಗೋಡೆಯಲ್ಲಿ ಉಂಗುರದಂತೆ ಬಿಳಿ ಹೊಳಪು ಕಾಣುತ್ತದೆ. ಅದೇ ನಿಮ್ಮ ಬಿಳಿ ಪರದೆ. ಅಗ್ಗದ ಅಡಾಪ್ಟರುಗಳಲ್ಲಿ ಇದು ಇದ್ದೇ ಇರುತ್ತದೆ, ದುಬಾರಿಯವುಗಳಲ್ಲೂ ಪೂರ್ತಿ ಇಲ್ಲವೆನ್ನಲಾಗದು.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ದೂರದರ್ಶಕದ ಕೊಳವೆಗಳಿಗೆ ಅಂಟಿಸುವ ಕಪ್ಪು ಮಖಮಲ್ಲಿನಂಥ ಅಂಟುಹಾಳೆ ಸಿಗುತ್ತದೆ. ಅಡಾಪ್ಟರಿನ ಒಳಸುತ್ತಳತೆಗೆ ಸರಿಯಾಗಿ ಕತ್ತರಿಸಿ, ಮೌಂಟಿನ ಲೋಹಕ್ಕೂ ಲೆನ್ಸಿನ ಹಿಂಭಾಗದ ಸನ್ನೆಗಳಿಗೂ ತಗುಲದಂತೆ ಅಂಟಿಸಿ. ಅಂಟಿಸುವ ಮೊದಲು ಹಾಳೆಯನ್ನು ಚೆನ್ನಾಗಿ ಕೊಡವಿ, ಅಂಚಿನ ಸಡಿಲ ನೂಲನ್ನು ಟೇಪಿನಿಂದ ತೆಗೆಯಿರಿ. ಇಲ್ಲವಾದರೆ ಅದು ಸೆನ್ಸರ್ ಮೇಲೆ ಹೋಗಿ ಕೂರುತ್ತದೆ. ಸಾದಾ ಅಡಾಪ್ಟರಿನಲ್ಲಾದರೆ ಅದರ ನಡುವೆ 3:2 ಪ್ರಮಾಣದ ಕಿಂಡಿ ಇರುವ ಕಪ್ಪು ಕಾರ್ಡನ್ನೂ ಕೂರಿಸಬಹುದು. ಕಿಂಡಿ ತುಸು ದೊಡ್ಡದಿರಲಿ, ಎಫ್/2.8ರಲ್ಲಿ ಮೂಲೆಗಳು ಕಪ್ಪಾಗದಂತೆ ನೋಡಿಕೊಂಡು ಅಂತಿಮ ಅಳತೆ ನಿರ್ಧರಿಸಿ. ಇವೆರಡರ ಜೊತೆಗೆ ಆಳವಾದ ಹುಡ್ ಹಾಕಿದರೆ 150ರ ಕಾಂಟ್ರಾಸ್ಟ್ ಎಷ್ಟು ಬದಲಾಗುತ್ತದೆ ಎಂಬುದನ್ನು ಒಂದೇ ದೃಶ್ಯದ ಎರಡು ಚಿತ್ರಗಳಲ್ಲಿ ನೀವೇ ಕಾಣುವಿರಿ. ಹಳೆಯ ಲೆನ್ಸ್ ಎಂದರೆ ಕಾಂಟ್ರಾಸ್ಟ್ ಕಡಿಮೆ ಎಂಬ ಮಾತನ್ನು ಎಷ್ಟೋ ಜನ ಅಡಾಪ್ಟರಿನ ಒಳಗೋಡೆಯನ್ನು ನೋಡದೆಯೇ ನಂಬಿದ್ದಾರೆ.

ಹಳೆಯ_ನೆಗೆಟಿವ್

ರಿಪೇರಿ_ಮೇಜು ಅವರ ಕೊನೆಯ ವಾಕ್ಯವನ್ನು ಓದಿ ನನ್ನ ಅಡಾಪ್ಟರನ್ನು ಕಿಟಕಿಗೆ ಹಿಡಿದು ನೋಡಿದೆ. ಉಂಗುರ ಸ್ಪಷ್ಟವಾಗಿ ಕಂಡಿತು. ನಾನು ಮೇಲೆ ಹೇಳಿದ "ತುಸು ಇಳಿದ ಕಾಂಟ್ರಾಸ್ಟ್"ನಲ್ಲಿ ಅಡಾಪ್ಟರಿನ ಪಾಲೂ ಇರಬಹುದು. ಹಾಳೆ ಅಂಟಿಸಿದ ಮೇಲೂ ಚರ್ಮದ ಮೃದುತ್ವ ಉಳಿದರೆ ಅದು ಲೆನ್ಸಿನದೇ ಎಂದು ಆಗ ಧೈರ್ಯವಾಗಿ ಹೇಳಬಹುದು.

ಹೊಸಕಣ್ಣು

ಮಮಿಯಾ ಇಲ್ಲದವರು ಯಾವ ಲೆನ್ಸ್‌ಗಳನ್ನು ಹುಡುಕಬೇಕು? ಹ್ಯಾಸೆಲ್‌ಬ್ಲಾಡ್, ಪೆಂಟಾಕ್ಸ್, ಮಮಿಯಾ ಆರ್‌ಬಿ67, ಕೀವ್ ಎಂದು ಹೆಸರುಗಳನ್ನು ಕೇಳಿದ್ದೇನೆ, ಆದರೆ ಯಾವುದನ್ನು ಜೋಡಿಸಲು ಬರುತ್ತದೆ, ಯಾವುದನ್ನು ಬರುವುದಿಲ್ಲ ಎಂಬುದು ಸ್ಪಷ್ಟವಿಲ್ಲ. ಫೋಕಲ್ ರೆಡ್ಯೂಸರ್ ಎಂಬ ಅಡಾಪ್ಟರ್ ಹಾಕಿದರೆ ಮೀಡಿಯಂ ಫಾರ್ಮ್ಯಾಟ್ ನೋಟವೇ ಸಿಗುತ್ತದೆ ಎಂದೂ ಕೇಳಿದ್ದೇನೆ.

ಬಿಂಬವೃತ್ತ

ಮೂರು ವಿಷಯಗಳನ್ನು ನೋಡಬೇಕು: ಅಪರ್ಚರ್ ರಿಂಗ್ ಲೆನ್ಸಿನ ಮೇಲಿದೆಯೇ, ಫೋಕಸ್ ಮಾಡುವ ವ್ಯವಸ್ಥೆ ಲೆನ್ಸಿನಲ್ಲೇ ಇದೆಯೇ, ಶಟರ್ ಎಲ್ಲಿದೆ.

1975ರಲ್ಲಿ ಬಂದ ಮಮಿಯಾ 645ರ ಮ್ಯಾನ್ಯುಯಲ್ ಲೆನ್ಸ್‌ಗಳು, ಪೆಂಟಾಕ್ಸ್ 645ರ ಎ ಮತ್ತು ಎಫ್‌ಎ ಸರಣಿ, ಪೆಂಟಾಕ್ಸ್ 67, ಪೆಂಟಾಕಾನ್ ಸಿಕ್ಸ್ ಇವೆಲ್ಲ ಸಲೀಸು. ಪೆಂಟಾಕಾನ್ ಸಿಕ್ಸ್ ಮೌಂಟಿನಲ್ಲಿ ಕಾರ್ಲ್ ಝೈಸ್ ಯೇನಾದ ಬಯೊಮೆಟಾರ್ 80 ಮತ್ತು 120, ಫ್ಲೆಕ್ಟೊಗಾನ್ 50, ಸೊನ್ನಾರ್ 180 ಸಿಗುತ್ತವೆ. ಕೀವ್ ನಗರದ ಆರ್ಸೆನಾಲ್ ಕಾರ್ಖಾನೆಯ ಲೆನ್ಸ್‌ಗಳೂ ಈ ಮೌಂಟಿನಲ್ಲಿವೆ; ಅವುಗಳಲ್ಲಿ ಒಂದೊಂದು ಪ್ರತಿಯ ಗುಣಮಟ್ಟ ಒಂದೊಂದು ರೀತಿ ಇರುತ್ತದೆಯಾದ್ದರಿಂದ ಪರೀಕ್ಷಿಸದೆ ಕೊಳ್ಳಬಾರದು. ಪೆಂಟಾಕ್ಸ್ 6×7ರ ಆರಂಭದ 105 ಮಿ.ಮೀ. ಎಫ್/2.4 ಲೆನ್ಸಿನಲ್ಲಿ ಥೋರಿಯಂ ಬೆರೆತ ಗಾಜು ಇದೆ. ಅದು ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ನೇರಳಾತೀತ ಬೆಳಕಿನಲ್ಲಿ ಕೆಲ ಕಾಲ ಇಟ್ಟರೆ ತಿಳಿಯಾಗುತ್ತದೆ.

ಹ್ಯಾಸೆಲ್‌ಬ್ಲಾಡ್ ವಿ ಸರಣಿಯ ಬಹುತೇಕ ಲೆನ್ಸ್‌ಗಳೊಳಗೆ ಶಟರ್ ಇದೆ. ಅದು ತೆರೆದ ಸ್ಥಿತಿಯಲ್ಲಿರುವಾಗ ಜೋಡಿಸಿದರೆ ಬಳಸಬಹುದು, ಆದರೆ ಸ್ಟಾಪ್ ಡೌನ್ ಸನ್ನೆಯನ್ನು ಒತ್ತದೆ ಅಪರ್ಚರ್ ಮುಚ್ಚುವುದಿಲ್ಲ. ಆರ್‌ಬಿ67, ಆರ್‌ಝಡ್67 ಲೆನ್ಸ್‌ಗಳಿಗೆ ಫೋಕಸ್ ರಿಂಗೇ ಇಲ್ಲ. ಆ ಕ್ಯಾಮೆರಾಗಳ ಬಾಡಿಯಲ್ಲಿದ್ದ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆಯ ಕೊಳವೆ) ಆ ಕೆಲಸ ಮಾಡುತ್ತಿತ್ತು. ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ಬಹಳ ಬಳಕೆಯಲ್ಲಿದ್ದ ಯಾಶಿಕಾ ಜೋಡಿ ಲೆನ್ಸ್ ಕ್ಯಾಮೆರಾಗಳ ಲೆನ್ಸ್ ಬಾಡಿಯಿಂದ ಕಳಚುವಂಥದ್ದೇ ಅಲ್ಲ. ಕಾಂಟ್ಯಾಕ್ಸ್ 645, ಮಮಿಯಾ 645 ಎಎಫ್, ಹ್ಯಾಸೆಲ್‌ಬ್ಲಾಡ್ ಎಚ್ ಇವುಗಳಲ್ಲಿ ಅಪರ್ಚರ್ ವಿದ್ಯುತ್ ಸಂಕೇತದಿಂದ ನಡೆಯುತ್ತದೆ. ಖಾಲಿ ಕೊಳವೆಯ ಅಡಾಪ್ಟರಿನಲ್ಲಿ ಅವು ನಿಷ್ಪ್ರಯೋಜಕ.

ಫೋಕಲ್ ರೆಡ್ಯೂಸರ್‌ನಲ್ಲಿ ಗಾಜು ಇರುತ್ತದೆ. ಅದು ದೊಡ್ಡ ವೃತ್ತವನ್ನು ಕುಗ್ಗಿಸಿ ಚಿಕ್ಕ ಸೆನ್ಸರಿಗೆ ಒದಗಿಸುತ್ತದೆ. ಕಿಪಾನ್‌ನ ಬಾವೆಯೆಸ್ ಎಂಬುದು 0.7 ಪಟ್ಟಿನದು. ಅದರಲ್ಲಿ 80 ಮಿ.ಮೀ. ಎಫ್/2.8 ಲೆನ್ಸ್ 56 ಮಿ.ಮೀ. ಎಫ್/2 ಆಗುತ್ತದೆ, ಒಂದು ಸ್ಟಾಪ್ ಬೆಳಕೂ ಹೆಚ್ಚುತ್ತದೆ. ಮೂಲ 645 ನೋಟಕ್ಕೆ 0.62 ಬೇಕಿತ್ತು, ಆದ್ದರಿಂದ ಪೂರ್ತಿ ಅಲ್ಲದಿದ್ದರೂ ಹತ್ತಿರ ಬರುತ್ತೀರಿ. ಹಳೆಯ_ನೆಗೆಟಿವ್ ಅವರು ಮೆಚ್ಚುವ ಹೊರವಲಯದ ಗುಣವೂ ಬಹುಮಟ್ಟಿಗೆ ಮರಳಿ ಸಿಗುತ್ತದೆ ಎಂಬುದನ್ನು ನಾನು ಸಂತೋಷದಿಂದ ಹೇಳುತ್ತೇನೆ. ಆದರೆ 70 ಮಿ.ಮೀ. ವೃತ್ತ ಕುಗ್ಗಿ 49 ಮಿ.ಮೀ. ಆಗುವುದರಿಂದ ಶಿಫ್ಟ್‌ಗೆ ಜಾಗ ಉಳಿಯುವುದಿಲ್ಲ. ಭಾವಚಿತ್ರಕ್ಕೆ ರೆಡ್ಯೂಸರ್, ವಾಸ್ತುವಿಗೆ ಶಿಫ್ಟ್. ಒಂದೇ ಅಡಾಪ್ಟರಿನಲ್ಲಿ ಎರಡೂ ಸಿಗುವುದಿಲ್ಲ.

ಮಲೆನಾಡ_ಮಳೆ

ಕೊಳ್ಳುವವರಿಗೆ ಒಂದು ಮಾತು. ನಮ್ಮ ಮಲೆನಾಡು, ಕರಾವಳಿಯಲ್ಲಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಲೆನ್ಸ್ ಎಂದರೆ ಫಂಗಸ್ ಇದೆ ಎಂದುಕೊಂಡೇ ಪರೀಕ್ಷಿಸಬೇಕು. ಅಪರ್ಚರ್ ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಹಾಯಿಸಿ, ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ನೂಲಿನಂತೆ ಕವಲೊಡೆದ ಗೆರೆ ಕಂಡರೆ ಅದು ಫಂಗಸ್. ಇಡೀ ಗಾಜಿನ ಮೇಲೆ ಮಂಜಿನಂತೆ ಕಂಡರೆ ಅದು ಹೇಸ್. ಎರಡನೆಯದು ಚಿತ್ರವನ್ನು ಹೆಚ್ಚು ಕೆಡಿಸುತ್ತದೆ. ಅಂಚಿನಲ್ಲಿ ಒಂದೆರಡು ಎಳೆ ಇರುವ ಲೆನ್ಸನ್ನು ಬೆಲೆ ಇಳಿಸಿ ಕೊಳ್ಳಬಹುದು, ಆದರೆ ಶಿಫ್ಟ್‌ಗೆ ಬಳಸುವವರು ಅಂಚನ್ನೂ ಬಳಸುತ್ತಾರೆ ಎಂಬುದನ್ನು ಮರೆಯಬಾರದು. ತಂದ ಮೇಲೆ ಶೇ. 40ರಿಂದ 50ರಷ್ಟು ತೇವಾಂಶ ಕಾಯ್ದುಕೊಳ್ಳುವ ಡ್ರೈ ಕ್ಯಾಬಿನೆಟ್‌ನಲ್ಲಿಡಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ತೇವವನ್ನು ಹೀರಿ ಹಿಡಿದಿಡುವುದೇ ಆ ಚರ್ಮ.

ಭಾರದ ಬಗ್ಗೆಯೂ ಎಚ್ಚರ ಬೇಕು. ಸೊನ್ನಾರ್ 180 ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ, ಜೊತೆಗೆ ಉದ್ದನೆಯ ಅಡಾಪ್ಟರ್. ಅದನ್ನು ಕ್ಯಾಮೆರಾದ ಪಟ್ಟಿಯಲ್ಲಿ ನೇತುಹಾಕಿಕೊಂಡು ನಡೆದರೆ ಎಲ್ಲ ಭಾರವೂ ಕ್ಯಾಮೆರಾದ ಮೌಂಟಿನ ಮೇಲೆ ಬೀಳುತ್ತದೆ. ಟ್ರೈಪಾಡ್ ಕಾಲು ಇರುವ ಅಡಾಪ್ಟರನ್ನೇ ಆರಿಸಿ.

ಕಡಲತಡಿ

ಕಪ್ಪು ಹಾಳೆ ಅಂಟಿಸಿದ ಮೇಲೆ ಬಿಳಿ ಪರದೆ ಬಹುಮಟ್ಟಿಗೆ ಹೋಗಿದೆ. ಶಿಫ್ಟ್ ಅಡಾಪ್ಟರ್ ತರಿಸಲು ನಿರ್ಧರಿಸಿದ್ದೇನೆ. ಆದರೆ 55 ಮಿ.ಮೀ. ನನಗೆ ಇಕ್ಕಟ್ಟಾಗುತ್ತದೆ. ಒಳಾಂಗಣದ ನವರಂಗ (ಕಂಬಗಳ ಮಂಟಪ) ತೆಗೆಯಲು 20 ಮೀಟರ್ ಹಿಂದೆ ಸರಿಯುವ ಮಾತೇ ಇಲ್ಲ. ಮಮಿಯಾದ 45 ಮಿ.ಮೀ. ಎಫ್/2.8 ಕೊಳ್ಳಲೇ, 35 ಮಿ.ಮೀ. ಎಫ್/3.5 ಕೊಳ್ಳಲೇ? ಫೋಕಸ್ ಮಾಡಲು ಪೀಕಿಂಗ್ (ಫೋಕಸ್ ಆದ ಅಂಚುಗಳನ್ನು ಬಣ್ಣದಿಂದ ತೋರಿಸುವ ಸೌಲಭ್ಯ) ನಂಬಬಹುದೇ?

ಕಲ್ಲು_ಬೆಳಕು

ಕೊಳ್ಳುವ ಮೊದಲು 55ರಲ್ಲೇ ಇನ್ನೊಂದು ವಿಧಾನವನ್ನು ಪ್ರಯತ್ನಿಸಿ. ಕ್ಯಾಮೆರಾವನ್ನು ನಿಲುವಾಗಿಟ್ಟು, ಶಿಫ್ಟನ್ನು ಅಡ್ಡಲಾಗಿ ತಿರುಗಿಸಿ, ಎಡಕ್ಕೆ 15, ನಡುವೆ ಸೊನ್ನೆ, ಬಲಕ್ಕೆ 15 ಮಿ.ಮೀ. ಎಂದು ಮೂರು ಚಿತ್ರ ತೆಗೆಯಿರಿ. ಮೂರನ್ನೂ ಜೋಡಿಸಿದರೆ 54×36 ಮಿ.ಮೀ. ಸೆನ್ಸರಿನಲ್ಲಿ ತೆಗೆದಷ್ಟು ನೋಟ ಸಿಗುತ್ತದೆ. 645 ಚೌಕಟ್ಟಿಗೆ ಇದು ತುಂಬ ಹತ್ತಿರ. 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಸುಮಾರು 54 ಮೆಗಾಪಿಕ್ಸೆಲ್ ಚಿತ್ರ ಬರುತ್ತದೆ, 55 ಮಿ.ಮೀ. ಲೆನ್ಸ್ ಸುಮಾರು 37 ಮಿ.ಮೀ. ಲೆನ್ಸಿನಷ್ಟು ಅಗಲ ನೋಡುತ್ತದೆ. ನೀವು ಮೊದಲು ಕೇಳಿದ ಮೀಡಿಯಂ ಫಾರ್ಮ್ಯಾಟ್ ನೋಟಕ್ಕೆ ಫುಲ್ ಫ್ರೇಮ್‌ನಲ್ಲಿ ಇರುವ ಅತ್ಯಂತ ಪ್ರಾಮಾಣಿಕ ದಾರಿ ಇದೇ, ಏಕೆಂದರೆ ಇಲ್ಲಿ ದೊಡ್ಡ ಬಿಂಬವನ್ನೇ ನಿಜವಾಗಿ ದಾಖಲಿಸುತ್ತಿದ್ದೀರಿ. ಅಲುಗದ ವಿಷಯಕ್ಕೆ ಮಾತ್ರ ಇದು ಸರಿ ಎಂಬುದು ಅದರ ಮಿತಿ.

ಇದೇ ವಿಧಾನದಲ್ಲಿ 45 ಮಿ.ಮೀ. ಸುಮಾರು 30ರಷ್ಟೂ 35 ಮಿ.ಮೀ. ಸುಮಾರು 23ರಷ್ಟೂ ಅಗಲವಾಗುತ್ತವೆ. ನವರಂಗದ ನಾಲ್ಕು ಕಂಬಗಳೂ ಮೇಲಿನ ಭುವನೇಶ್ವರಿಯೂ (ಕೆತ್ತನೆಯ ಒಳಛಾವಣಿ) ಒಟ್ಟಿಗೆ ಬೇಕೆಂದರೆ 35 ಬೇಕು. ಹೊರಾಂಗಣಕ್ಕೆ 45 ಸಾಕು, ಬೆಲೆಯೂ ಕಡಿಮೆ ಇರುತ್ತದೆ. ನಿಮ್ಮ ವಿವರಣೆಯ ಪ್ರಕಾರ ನಾನಾದರೆ 35 ಕೊಳ್ಳುತ್ತಿದ್ದೆ.

ಜೋಡಣೆಯಲ್ಲಿ ಒಂದು ತೊಡಕಿದೆ. ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು ಲೆನ್ಸನ್ನು ಜಾರಿಸಿದರೆ ನೋಡುವ ಕಣ್ಣೇ ಒಟ್ಟು 30 ಮಿ.ಮೀ. ಸರಿದಂತಾಗುತ್ತದೆ. ದೂರದ ಗೋಪುರಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಒಳಾಂಗಣದಲ್ಲಿ ಹತ್ತಿರದ ಕಂಬ ಹಿಂದಿನ ಗೋಡೆಯ ಮುಂದೆ ಮೂರು ಚಿತ್ರಗಳಲ್ಲಿ ಮೂರು ಕಡೆ ನಿಲ್ಲುತ್ತದೆ. ತಂತ್ರಾಂಶ ಅದನ್ನು ಸರಿಯಾಗಿ ಬೆಸೆಯಲಾರದು. ಲೆನ್ಸ್ ಬದಿಯಲ್ಲಿ ಟ್ರೈಪಾಡ್ ಕಾಲು ಇರುವ ಅಡಾಪ್ಟರ್ ಸಿಕ್ಕರೆ ಲೆನ್ಸ್ ನಿಂತಲ್ಲೇ ನಿಂತು ಬಾಡಿ ಸರಿಯುತ್ತದೆ, ಸಮಸ್ಯೆಯೇ ಇರುವುದಿಲ್ಲ. ಸಿಗದಿದ್ದರೆ ಮ್ಯಾಕ್ರೊ ಛಾಯಾಗ್ರಹಣಕ್ಕೆ ಬಳಸುವ, ಅಳತೆ ಗುರುತಿರುವ ಜಾರು ಪಟ್ಟಿಯನ್ನು ಕ್ಯಾಮೆರಾದಡಿ ಅಡ್ಡಲಾಗಿ ಕೂರಿಸಿ. ಲೆನ್ಸ್ ಬಲಕ್ಕೆ 15 ಸರಿದಾಗ ಇಡೀ ಕ್ಯಾಮೆರಾವನ್ನು ಎಡಕ್ಕೆ 15 ಸರಿಸಿ.

ರಿಪೇರಿ_ಮೇಜು

ಪೀಕಿಂಗ್ ಬಗ್ಗೆ: ಅದನ್ನು ಒರಟು ಅಂದಾಜಿಗೆ ಬಳಸಿ, ಅಂತಿಮ ಫೋಕಸ್‌ಗೆ ವ್ಯೂಫೈಂಡರಿನಲ್ಲಿ ಹಿಗ್ಗಿಸಿಯೇ ನೋಡಿ. ಕಾಂಟ್ರಾಸ್ಟ್ ಇರುವ ಅಂಚು ತುಸು ಫೋಕಸ್ ತಪ್ಪಿದ್ದರೂ ಪೀಕಿಂಗ್ ಬಣ್ಣ ತೋರಿಸುತ್ತದೆ. ಚಿತ್ರ ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಿ. ತೆರೆದಿಟ್ಟು ಫೋಕಸ್ ಮಾಡಿ ಆಮೇಲೆ ಮುಚ್ಚಿದರೆ ಕೆಲವು ಲೆನ್ಸ್‌ಗಳಲ್ಲಿ ಫೋಕಸ್ ಸರಿಯುತ್ತದೆ. ಬಹಳಷ್ಟು ಅಡಾಪ್ಟರುಗಳನ್ನು ಕೂದಲೆಳೆಯಷ್ಟು ಗಿಡ್ಡವಾಗಿಯೇ ಮಾಡಿರುತ್ತಾರೆ, ಆದ್ದರಿಂದ ರಿಂಗನ್ನು ಇನ್ಫಿನಿಟಿಯ ಕೊನೆಗೆ ತಿರುಗಿಸಿ ನಿಲ್ಲಿಸಿದರೆ ದೂರದ ಗೋಪುರ ಮಸುಕಾಗುತ್ತದೆ. ಅಲ್ಲೂ ಕಣ್ಣನ್ನೇ ನಂಬಬೇಕು. ಕೈಯಲ್ಲಿ ಹಿಡಿದು ತೆಗೆಯುವಾಗ ಕ್ಯಾಮೆರಾದ ಮೆನುವಿನಲ್ಲಿ ಫೋಕಲ್ ಲೆಂತ್ ನಮೂದಿಸಿದರೆ ಬಾಡಿಯ ಕಂಪನ ನಿವಾರಣೆ ಸರಿಯಾಗಿ ಕೆಲಸ ಮಾಡುತ್ತದೆ. ಟ್ರೈಪಾಡ್ ಮೇಲೆ ಮೂರು ಚಿತ್ರ ಜೋಡಿಸುವಾಗ ಅದನ್ನು ಆರಿಸಿಡಿ.

ಶಿಫ್ಟ್ ಅಡಾಪ್ಟರ್ ಬಂದ ಮೇಲೆ ನಾನು ಮೊದಲು ಹೇಳಿದ ಕಿಂಡಿಯ ಕಾರ್ಡನ್ನು ಅದರಲ್ಲಿ ಹಾಕಬೇಡಿ. ಲೆನ್ಸ್ ಜಾರಿದಾಗ ಬೆಳಕಿನ ದಾರಿಯೂ ಜಾರುತ್ತದೆ, ಕಾರ್ಡ್ ಒಂದು ಬದಿಯನ್ನು ಕತ್ತರಿಸುತ್ತದೆ. ಒಳಗೋಡೆಯ ಹಾಳೆ ಮಾತ್ರ ಸಾಕು. ಆಳವಾದ ಹುಡ್‌ಗೂ ಇದೇ ಮಾತು. ಶಿಫ್ಟ್‌ನಲ್ಲಿ ಮಮಿಯಾ ಆ ಲೆನ್ಸಿಗೆಂದೇ ಮಾಡಿದ 645 ಹುಡ್ ಹಾಕಿ. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ನಡುವಿನ ಚಿತ್ರದಲ್ಲಿ ನಿರ್ಧರಿಸಿ, ಮ್ಯಾನ್ಯುಯಲ್‌ನಲ್ಲಿ ಹಾಗೆಯೇ ಇಟ್ಟು ಉಳಿದೆರಡನ್ನು ತೆಗೆಯಿರಿ. ನವರಂಗದಲ್ಲಿ ಬಾಗಿಲಿನ ಬೆಳಕು ಒಂದೇ ಬದಿಯಿಂದ ಬರುವುದರಿಂದ ಕ್ಯಾಮೆರಾ ಪ್ರತಿ ಚಿತ್ರಕ್ಕೂ ತಾನೇ ಎಕ್ಸ್‌ಪೋಷರ್ ಬದಲಿಸಿದರೆ ಬೆಸುಗೆಯ ಗೆರೆಗಳು ಕಲ್ಲಿನ ಮೇಲೆ ಎದ್ದು ಕಾಣುತ್ತವೆ.